ಉಟ್ರೆಕ್ಟಿನ ತೇವದಲ್ಲಿ ಅವ್ವನ ದಿಮ್ಮಡಿ

ಇರಕಲ್ಲಗಡದ ಪಡಸಾಲೆ

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ಕಿಟಕಿಯಲ್ಲಿ ಕಂಡ ಮೋಡಗಳ ವಿಷಯ ಹೇಳುತ್ತಾರೆ. ನಾನು ಮೋಡ ನೋಡಲಿಲ್ಲ. ಕಿಟಕಿಯ ಸೀಟನ್ನು ನನ್ನ ನಾದಿನಿ ಶಾಂತಾ ಹತ್ತಿದ ಕೂಡಲೇ ಹಿಡಿದಿದ್ದಳು. ನನ್ನ ಕಣ್ಣೆಲ್ಲ ತೊಡೆಯ ಮೇಲಿದ್ದ ದಿಮ್ಮಡಿಯ ಕಡೆಗಿತ್ತು. ಜೋಳದ ರೊಟ್ಟಿಯಷ್ಟು ಅಗಲದ ಕಟ್ಟಿಗೆಯ ಬಳೆ, ಅದರ ಒಂದು ಮುಖಕ್ಕೆ ಬಿಗಿದ ಆಡಿನ ಚರ್ಮ. ಇಷ್ಟೇ ವಾದ್ಯ. ಎಡಗೈಯಲ್ಲಿ ಹಿಡಿದು ಬಲಗೈಯಿಂದ ಬಾರಿಸುವುದು. ಮೇಲಿನ ಗೂಡಿನಲ್ಲಿಡಿ ಎಂದು ಗಗನಸಖಿ ಬಂದು ಬಂದು ಹೇಳಿದಳು. ನಾನು ಪ್ರತಿ ಸಲವೂ ನಕ್ಕೆ, ದಿಮ್ಮಡಿ ಬಿಡಲಿಲ್ಲ.

ದಿಮ್ಮಡಿ ನನ್ನದಲ್ಲ, ಅವ್ವನದು. ನಾನು ಗಂಗಾವತಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವವಳು. ತವರು ಇರಕಲ್ಲಗಡ. ಅಲ್ಲಿ ನಮ್ಮ ಪಡಸಾಲೆಯಲ್ಲಿ ಸೋಮವಾರ ಸೋಮವಾರ ಭಜನೆ ನಡೆಯುತ್ತದೆ. ಅವ್ವನ ಮಗ್ಗುಲಲ್ಲಿ ಕೂತು ಕೂತೇ ನಾನು ಬಾರಿಸುವುದನ್ನು ಕಲಿತೆ. ಆನೆಗುಂದಿಯ ಕಲ್ಲು ನೋಡಲು ಬಂದ ಹನ್ನೆಕೆ ಎಂಬ ಹೆಂಗಸನ್ನು ಯಾರೋ ಒಂದು ಸೋಮವಾರ ಅಲ್ಲಿಗೆ ಕರೆತಂದರು. ಹಾಲೆಂಡಿನವಳು, ಅರವತ್ತರ ಆಸುಪಾಸು, ಕತ್ತರಿಸಿದ ಬಿಳಿ ಕೂದಲು. ಅವಳ ಕೆಲಸ ವಿಚಿತ್ರವಾದದ್ದು. ಮುನ್ನೂರು ವರ್ಷ ಹಳೆಯ ಕಾಲದ ಯುರೋಪಿನ ವಾದ್ಯಗಳಿಗೆ ಈ ಕಾಲದ ಹೊಸ ಸಂಗೀತ ಬರೆಯುತ್ತಾಳೆ. ಭಜನೆ ಮುಗಿಯುವವರೆಗೆ ಕಾಲು ಮಡಚಿ ಕೂತಳು. ಮರುವರ್ಷ ಬೇಸಿಗೆಯಲ್ಲಿ ಮತ್ತೆ ಬಂದು ದಿಮ್ಮಡಿಯ ದನಿಯನ್ನು ಮುದ್ರಿಸಿಕೊಂಡು ಹೋದಳು. ಆ ದನಿಯ ಮೇಲೆ ಒಂದು ಕೃತಿ ಕಟ್ಟಿದ್ದೇನೆ, ಅದರ ಕೊನೆಯ ಭಾಗಕ್ಕೆ ನೀನೇ ಬಂದು ಬಾರಿಸಬೇಕು ಎಂದು ಬರೆದಳು.

ದಿಮ್ಮಡಿ ಕೇಳಲು ಹೋದರೆ ಅವ್ವ ಮುಖ ಸಿಂಡರಿಸಿದಳು. "ಬ್ಯಾರೆದ್ದು ಒಯ್ಯಲ್ಲ. ಕುಷ್ಟಗ್ಯಾಗ ಹೊಸಾವು ಸಿಗ್ತಾವು."

"ಆಕಿ ಇದರ ದನೀನ ಹಿಡದು ಬರದಾಳವ್ವಾ."

"ಹಂಗಾದ್ರ ಒಯ್ಯಿ. ಹ್ಯಾಂಗ ಹೊಂಟೈತಿ ಹಂಗ ಮನಿಗಿ ಬರಬೇಕು ನೋಡು."

ಗಂಗಾವತಿಯಲ್ಲಿ ಅಕ್ಕಿ ಅಂಗಡಿ ನಡೆಸುವ ಶಾಂತಾ ತಾನೂ ಬರುತ್ತೇನೆಂದು ತಾನೇ ತೀರ್ಮಾನಿಸಿದಳು. "ವೈನಿ, ನಿಮಗ ರಸ್ತೆ ದಾಟಾಕ ಬರಂಗಿಲ್ಲ. ನಾ ಬರ್ತೀನಿ" ಎಂದಳು. ಅದು ಸುಳ್ಳೇನಲ್ಲ.

ಉಟ್ರೆಕ್ಟ್: ಬಿಸ್ಕೀಟಿನ ಡಬ್ಬಿ

ಉಟ್ರೆಕ್ಟ್ ಕಾಲುವೆಗಳ ಊರು. ಕಾಲುವೆ ಎಂದರೆ ನಮ್ಮ ಗಂಗಾವತಿಯ ಎಡದಂಡೆ ಕಾಲುವೆಯಂತೆ ಗದ್ದೆಗೆ ನೀರು ಕೊಡುವಂಥದಲ್ಲ. ನೀರು ಸುಮ್ಮನೆ ಮನೆಗಳ ನಡುವೆ ನಿಂತಿರುತ್ತದೆ, ಜನ ಅದರ ದಂಡೆಯಲ್ಲಿ ಕಾಫಿ ಕುಡಿಯುತ್ತಾರೆ. ಶಾಂತಾಗೆ ಇದು ಸಹಿಸಲಾಗಲಿಲ್ಲ. "ಇಷ್ಟ್ ನೀರಿದ್ದು ಒಂದ್ ಮಡಿ ಭತ್ತ ಇಲ್ಲಲ್ರೀ ವೈನಿ!" ಎಂದು ಅಲವತ್ತುಕೊಂಡಳು.

ಅಲ್ಲಿಯವರು ಕಿಟಕಿಗೆ ಪರದೆ ಹಾಕುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಇಡೀ ಮನೆ ಕಾಣುತ್ತದೆ, ಆದರೆ ಯಾರೂ ನೋಡುವುದಿಲ್ಲ. ನಾವಿಬ್ಬರು ಮಾತ್ರ ನೋಡಿದೆವು, ನಿಂತು ನೋಡಿದೆವು. ಒಬ್ಬ ಅಜ್ಜ ಒಳಗಿಂದ ಕೈ ಬೀಸಿದ. ಶಾಂತಾ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದಳು.

ಹನ್ನೆಕೆಯ ಮನೆಯಲ್ಲಿ ಇಳಿದುಕೊಂಡಿದ್ದೆವು. ಮೊದಲ ಸಂಜೆ ಕಾಫಿಯ ಜೊತೆ ತಗಡಿನ ಡಬ್ಬಿ ತಂದಳು, ಒಬ್ಬೊಬ್ಬರಿಗೆ ಒಂದೊಂದು ಬಿಸ್ಕೀಟು ಕೊಟ್ಟಳು, ಟಪ್ಪೆಂದು ಮುಚ್ಚಳ ಹಾಕಿದಳು. ನಮ್ಮ ಕಡೆ ತಟ್ಟೆ ಖಾಲಿಯಾದರೆ ಮನೆಯವರ ಮಾನ ಹೋಗುತ್ತದೆ. ಇಲ್ಲಿ ಡಬ್ಬಿಯೇ ಒಳಗೆ ಹೋಯಿತು. ಕಂಜೂಸಿತನವಲ್ಲ ಅದು, ಪದ್ಧತಿ. ಅದೇ ಹನ್ನೆಕೆ ತನ್ನ ಮಂಚ ನಮಗೆ ಬಿಟ್ಟು ತಾನು ಕುರ್ಚಿಯಂಥ ಹಾಸಿಗೆಯ ಮೇಲೆ ಮಲಗಿದವಳು. ಮೂರನೆಯ ದಿನಕ್ಕೆ ಶಾಂತಾ ತಡೆಯಲಾರದೆ ತಾನೇ ಡಬ್ಬಿ ತೆಗೆದು ಎಲ್ಲರ ಮುಂದೆ ಹಿಡಿದು "ತೊಗೋರಿ, ತೊಗೋರಿ, ಮುಚ್ಚಬ್ಯಾಡ್ರಿ" ಎಂದಳು. ಅಂದು ಬಂದಿದ್ದ ಯೂಸ್ಟ್ ಎಂಬ ಆರಡಿ ಆಳು ನಾಲ್ಕು ಬಿಸ್ಕೀಟು ತೆಗೆದುಕೊಂಡು ಮಕ್ಕಳಂತೆ ನಕ್ಕ.

ಚರ್ಚಿನಲ್ಲಿ ಶ್ರುತಿ

ತಾಲೀಮು ಒಂದು ಹಳೆಯ ಚರ್ಚಿನಲ್ಲಿ. ಹೊರಗೆ ಬಿಡದೆ ಸುರಿಯುವ ಜಿಟಿಜಿಟಿ ಮಳೆ, ಒಳಗೆ ಕಲ್ಲಿನ ಗೋಡೆಗಳೇ ಬೆವರಿದಂತೆ ಒದ್ದೆ.

ವಾದಕರು ಮೂವರು. ಹನ್ನೆಕೆ ಹಾರ್ಪ್ಸಿಕಾರ್ಡ್ ನುಡಿಸುತ್ತಾಳೆ. ನೋಡಲು ಪಿಯಾನೋದ ಬಡಕಲು ತಂಗಿಯಂತಿರುವ ಅದರೊಳಗೆ ಸುತ್ತಿಗೆಗಳ ಬದಲು ಸಣ್ಣ ಸಣ್ಣ ಉಗುರುಗಳಿದ್ದು ತಂತಿಯನ್ನು ಮೀಟುತ್ತವೆ. ಯೂಸ್ಟನದು ಗಾಂಬಾ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆದು ನುಡಿಸುವ ದೊಡ್ಡ ತಂತಿವಾದ್ಯ. ಎಲ್ಸ್ ಎಂಬ ಮಿತಭಾಷಿ ಮರದ ಕೊಳಲಿನವಳು. ಗಾಂಬಾದ ತಂತಿ ಯಾವ ಲೋಹದ್ದು ಎಂದು ಕೇಳಿದೆ. ಲೋಹವಲ್ಲ, ಕುರಿಯ ಕರುಳು ಎಂದ ಯೂಸ್ಟ್.

"ಕರುಳಾ! ಅಯ್ಯ ಶಿವನ!" ಎಂದು ಶಾಂತಾ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ದಿಮ್ಮಡಿ ನೋಡಿ ಸಮಾಧಾನ ಮಾಡಿಕೊಂಡಳು. "ಕುರಿ ಅವರದು, ಆಡು ನಮ್ಮದು. ಬೀಗತನಕ್ಕ ಅಡ್ಡಿ ಇಲ್ಲ ಬಿಡ್ರಿ."

ಆ ಮೂವರು ಶ್ರುತಿ ಮಾಡಲು ಕೂತರು. ಕೂತರು, ಕೂತೇ ಇದ್ದರು. ಬಿರಡೆ ತಿರುಪುವುದು, ಕೇಳುವುದು, ತಲೆ ಅಲ್ಲಾಡಿಸುವುದು, ಮತ್ತೆ ತಿರುಪುವುದು. ನಮ್ಮಲ್ಲಿ ಹಾರ್ಮೋನಿಯಂ ಪೆಟ್ಟಿಗೆ ತೆರೆದು ಒಂದು ಮನೆ ಒತ್ತಿದರೆ ಮುಗಿಯಿತು, ಹಾಡುವವನ ಗಂಟಲು ಹರಿದರೂ ಅದೇ ಶ್ರುತಿ. ಇಲ್ಲಿ ಒಬ್ಬರ ತಂತಿಗೆ ಇನ್ನೊಬ್ಬರು ಕಿವಿಗೊಟ್ಟು ಒಂದೊಂದು ಕೂದಲೆಳೆ ಸರಿಸುತ್ತಾರೆ. ಶಾಂತಾ ಆಕಳಿಸಿದಳು. "ಶುರು ಯಾವಾಗ ಮಾಡ್ತಾರ್ರೀ ಇವ್ರು?"

ಆಗಲೇ ಶುರುವಾಗಿತ್ತು. ಎರಡು ತಂತಿಗಳು ಪರಸ್ಪರ ಹುಡುಕುವುದೇ ಕೃತಿಯ ಆರಂಭ ಎಂದು ನನಗೆ ತಿಳಿಯುವ ಹೊತ್ತಿಗೆ ಗಾಂಬಾ ಕೆಳಗೆ ಕೆಳಗೆ ಇಳಿದು, ಕೊಳಲು ಅದರ ಮೇಲೆ ಕೊಕ್ಕಿನಿಂದ ಕುಟುಕಿದಂತೆ ಮಾಡುತ್ತಿತ್ತು. ನಡುವೆ ಯೂಸ್ಟ್ ಕಮಾನಿನ ಕಟ್ಟಿಗೆಯಿಂದಲೇ ತಂತಿಗೆ ಹೊಡೆದ. ಹಾರ್ಪ್ಸಿಕಾರ್ಡು ಮಂಡಕ್ಕಿ ಹುರಿದಂತೆ ಚಟಪಟ ಎಂದಿತು. ಅರ್ಥವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮೈಮೇಲೆ ಮುಳ್ಳೆದ್ದದ್ದು ಸುಳ್ಳಲ್ಲ.

ಹಳೆಯ ವಾದ್ಯಕ್ಕೆ ಹೊಸ ಸಂಗೀತ ಯಾಕೆ ಎಂದು ಅಲ್ಲಿಯವರೇ ಕೆಲವರು ಹನ್ನೆಕೆಯನ್ನು ಆಕ್ಷೇಪಿಸುತ್ತಾರಂತೆ. ಹಳೆಯದನ್ನೇ ನುಡಿಸಬಾರದೇ ಎನ್ನುತ್ತಾರಂತೆ. ನನಗೆ ಆ ಆಕ್ಷೇಪಣೆಯೇ ತಿಳಿಯಲಿಲ್ಲ. ಗಿಣಿಗೇರಾದ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುವ ನಮ್ಮ ಭಜನೆಯ ಈರಪ್ಪ, ಚಿಮಣಿಯ ಕರಿ ಧೂಳು ಒಣಹಾಕಿದ ಅಂಗಿಯ ಮೇಲೆ ಕೂರುವ ಬಗ್ಗೆ ಪದ ಕಟ್ಟಿದ್ದಾನೆ, ಏಕತಾರಿಯ ಮೇಲೆ ಹಾಡುತ್ತಾನೆ. ಏಕತಾರಿ ಹಳೆಯದಲ್ಲವೇ ಎಂದು ಯಾರೂ ಅವನನ್ನು ತಡೆದಿಲ್ಲ. ಇದನ್ನು ಹೇಳಿದಾಗ ಹನ್ನೆಕೆ ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಕೊನೆಯ ಭಾಗ ಬಂತು. ಎಲ್ಲ ನಿಂತು ಗಾಂಬಾದ ಒಂದೇ ಉದ್ದ ಸ್ವರ ಉಳಿಯುತ್ತದೆ. ಅದೇ ಸ್ವರದಲ್ಲಿ ದಿಮ್ಮಡಿ ಕೂಡಬೇಕು. ನಾನು ಬಾರಿಸಿದೆ.

"ಧಪ್" ಎಂದಿತು. ಒದ್ದೆ ಗೋಣಿಚೀಲಕ್ಕೆ ಹೊಡೆದಂತೆ.

ಬೆಂಕಿ

ಇರಕಲ್ಲಗಡದ ಬೇಸಿಗೆಯಲ್ಲಿ ಮುದ್ರಿಸಿದ ದನಿ ಉಟ್ರೆಕ್ಟಿನ ಮಳೆಯಲ್ಲಿ ಎಲ್ಲಿಂದ ಬರಬೇಕು? ಚರ್ಮ ತೇವ ಕುಡಿದು ಜೋಲು ಬಿದ್ದಿತ್ತು. ಹನ್ನೆಕೆಯ ಮುಖ ಸಣ್ಣದಾಯಿತು. ಸಂಗೀತ ಕಛೇರಿಗೆ ಉಳಿದಿದ್ದದ್ದು ಒಂದೇ ದಿನ. ದಿಮ್ಮಡಿ ಕೂಡದಿದ್ದರೆ ಕೊನೆಯ ಭಾಗ ಹೋಯಿತು. ಆ ಭಾಗಕ್ಕಾಗಿಯೇ ಅವಳು ಉಳಿದದ್ದನ್ನೆಲ್ಲ ಬರೆದಿದ್ದಳು.

ಅವ್ವನಿಗೆ ಫೋನು ಮಾಡಿದೆ. ಅವ್ವ ಬೈದಳು. "ಕಾಯಿಸಬೇಕವಾ ಅದನ್ನ! ಮಳಿಗಾಲದಾಗ ನಾ ಒಲಿ ಮುಂದ ಹಿಡಿಯಾದು ನೋಡಿಲ್ಲೇನ್ ನೀನು? ಆ ಊರಾಗ ಬೆಂಕಿ ಇಲ್ಲೇನು?"

ಬೆಂಕಿ ಇಲ್ಲದೆ ಏನು! ಚರ್ಚಿನ ಬಾಗಿಲ ಬಳಿ ಮೇಣದಬತ್ತಿಗಳ ಸಾಲೇ ಇತ್ತು, ಪಕ್ಕದಲ್ಲಿ ಕಡ್ಡಿಪೆಟ್ಟಿಗೆ. ಹೊರಗೆ ಮಳೆ ಇದ್ದುದರಿಂದ ಪಕ್ಕದ ಕಲ್ಲಿನ ಮೊಗಸಾಲೆಗೆ ಹೋದೆವು. ಶಾಂತಾ ರದ್ದಿ ಪೇಪರು ಉಂಡೆ ಮಾಡಿದಳು, ನಾನು ಕಡ್ಡಿ ಗೀರಿದೆ. ಊರಿನಲ್ಲಿ ಹಲಗೆಯವರು, ದಿಮ್ಮಡಿಯವರು ಬೀದಿಯಲ್ಲಿ ಕಸ ಒಟ್ಟಿ ಬೆಂಕಿ ಹಾಕಿ ಕಾಯಿಸುವುದು ಹಲ್ಲುಜ್ಜುವಷ್ಟು ಸಹಜ. ಯಾರನ್ನಾದರೂ ಕೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಉರಿಯ ಮುಂದೆ ದಿಮ್ಮಡಿಯನ್ನು ತಿರುಗಿಸಿ ತಿರುಗಿಸಿ ಹಿಡಿದೆ. ಬೆರಳಿನಿಂದ ತಟ್ಟಿದೆ. ಢಣ್! ಅವ್ವನ ಪಡಸಾಲೆಯ ದನಿ! "ಬಂತ್ರೀ ವೈನಿ, ಬಂತು!" ಎಂದು ಶಾಂತಾ ಕುಣಿದಳು. ಅಷ್ಟರಲ್ಲಿ ಮೇಲಿಂದ ಏನೋ ಚೀರತೊಡಗಿತು. ಮಾಡಿನಲ್ಲಿ ಹೊಗೆ ಮೂಸುವ ಯಂತ್ರವಿತ್ತು. ಅದು ಕೂಗಿದ್ದಕ್ಕೆ ಇನ್ನೊಂದು ಕೂಗಿತು, ಅದಕ್ಕೆ ಮತ್ತೊಂದು. ಚರ್ಚಿನ ಕೀಲಿಕೈ ಇಟ್ಟುಕೊಂಡಿದ್ದ ಮುದುಕಪ್ಪ ಬಕೀಟು ಹಿಡಿದು ಓಡಿಬಂದ. ಅವನ ಹಿಂದೆಯೇ ಬೀದಿಯಲ್ಲಿ ಅಗ್ನಿಶಾಮಕದ ಕೆಂಪು ಗಾಡಿ ಬಂತು.

ನಮ್ಮ ಕಡೆ ಬೆಂಕಿ ಆರಿ ಬೂದಿಯಾದ ಮೇಲೆ ಗಾಡಿ ಬರುತ್ತದೆ ಎಂದು ನಗುತ್ತೇವೆ. ಇವರು ಬೆಂಕಿ ನೆಟ್ಟಗೆ ಹತ್ತುವ ಮೊದಲೇ ಬಂದಿದ್ದರು. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ. ದೊಡ್ಡ ಶಿರಸ್ತ್ರಾಣದ ಆಸಾಮಿಯೊಬ್ಬ ನೀರು ಹಾಕಿದ ಪೇಪರಿನ ಉಂಡೆ ನೋಡಿದ, ನಮ್ಮ ಸೀರೆ ನೋಡಿದ, ದಿಮ್ಮಡಿ ನೋಡಿದ. ಇದೇನು ಎಂದು ಕೇಳಿದ. ವಿವರಿಸಲು ಇಂಗ್ಲಿಷು ಬಾಯಿಗೆ ಬರಲಿಲ್ಲ, ಬಾರಿಸಿ ತೋರಿಸಿದೆ. ಗಾಡಿಯವರೆಲ್ಲ ಕೈಗವಸು ತೆಗೆದು ಚಪ್ಪಾಳೆ ತಟ್ಟಿ, ಇನ್ನು ಮೇಲೆ ಇಲ್ಲಿ ಬೇಡಮ್ಮ ಎಂದು ಗೌರವದಿಂದಲೇ ಹೇಳಿ ಹೋದರು. ಕೀಲಿಕೈ ಮುದುಕಪ್ಪ ಮಾತ್ರ ಕಡ್ಡಿಪೆಟ್ಟಿಗೆಯನ್ನು ತನ್ನ ಕಿಸೆಗೆ ಹಾಕಿಕೊಂಡ.

ಗಾಡಿ ತಿರುವು ದಾಟುವಷ್ಟರಲ್ಲಿ ದಿಮ್ಮಡಿ ಮತ್ತೆ "ಧಪ್" ಎನ್ನುತ್ತಿತ್ತು.

ಕೆಳಗಿಳಿದದ್ದು

ಆ ಸಂಜೆ ಹನ್ನೆಕೆಯ ಅಡಿಗೆಮನೆಯಲ್ಲಿ ಪಂಚಾಯಿತಿ ಸೇರಿತು. ಡಚ್ಚರಲ್ಲಿ ಹಿರಿಯರು ಹೇಳಿದ್ದಕ್ಕೆ ಹೂಂ ಅನ್ನುವ ರೂಢಿಯಿಲ್ಲ, ಪ್ರತಿಯೊಬ್ಬರೂ ತಮಗನಿಸಿದ್ದನ್ನು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ಪ್ಲಾಸ್ಟಿಕ್ ಹೊದಿಕೆಯ ಬೇರೊಂದು ವಾದ್ಯ ತರಿಸೋಣ, ಅದಕ್ಕೆ ತೇವದ ಕಾಟವಿಲ್ಲ ಎಂದಳು ಎಲ್ಸ್. ಆಗದು ಎಂದಳು ಹನ್ನೆಕೆ. ನಾನು ಗಂಟಲು ಸರಿಮಾಡಿಕೊಂಡು, ಕೊನೆಯ ಭಾಗ ಬಿಟ್ಟುಬಿಡಿ, ನಾನು ಜನರ ನಡುವೆ ಕೂತು ಕೇಳುತ್ತೇನೆ ಎಂದೆ. ಹೇಳುವಾಗ ಗಟ್ಟಿಯಾಗಿಯೇ ಹೇಳಿದೆ. ಹೇಳಿದ ಮೇಲೆ ಸಂಕಟವಾಯಿತು. ಅಷ್ಟು ದೂರ ಹೋಗಿ ಸುಮ್ಮನೆ ಕೂತು ಬರುವುದೆಂದರೆ!

ಯೂಸ್ಟ್ ದಿಮ್ಮಡಿ ಎತ್ತಿಕೊಂಡು ಕಿವಿಗೆ ಹಿಡಿದು ಬೆರಳಿನಿಂದ ತಟ್ಟಿದ. ಇದು ಸತ್ತಿಲ್ಲ, ಕೆಳಗೆ ಕೂತಿದೆ ಅಷ್ಟೇ, ನಾವು ಇದರ ಹತ್ತಿರ ಹೋಗೋಣ ಎಂದ.

ಅವನು ಹೇಳಿದ್ದು ಇಷ್ಟು: ದಿಮ್ಮಡಿಯನ್ನು ಮೇಲೆಳೆಯುವ ಬದಲು ಎಲ್ಲ ವಾದ್ಯಗಳನ್ನೂ ಅದು ಇದ್ದಲ್ಲಿಗೆ ಇಳಿಸುವುದು. ಹಳೆಯ ಕಾಲದಲ್ಲಿ ಊರೂರಿಗೆ ಶ್ರುತಿ ಬೇರೆಯಿತ್ತಂತೆ, ಅಷ್ಟು ಕೆಳಗೆ ನುಡಿಸುವ ಊರುಗಳೂ ಇದ್ದವಂತೆ. ಹೇಳಲು ಸುಲಭ, ಮಾಡಲು ಕಷ್ಟ. ಇಳಿಸಿದರೆ ಕರುಳಿನ ತಂತಿ ಸಡಿಲಾಗಿ ಕಮಾನಿಗೆ ಸರಿಯಾಗಿ ಸಿಗುವುದಿಲ್ಲ. ಹಾರ್ಪ್ಸಿಕಾರ್ಡಿನ ಒತ್ತುವ ಮನೆಗಳ ಸಾಲನ್ನೇ ಪಕ್ಕಕ್ಕೆ ಸರಿಸಿ ಮತ್ತೆ ಒಂದೊಂದೇ ತಂತಿ ಕೂಡಿಸಬೇಕು. ಎಲ್ಸಳ ಕೊಳಲಿಗಂತೂ ಬಿರಡೆಯೇ ಇಲ್ಲ. ಅವಳ ಹತ್ತಿರ ಇನ್ನೊಂದು ಉದ್ದದ ಕೊಳಲಿತ್ತು, ಆದರೆ ಅದರ ರಂಧ್ರಗಳು ದೂರ ದೂರ. ಅಭ್ಯಾಸ ಮಾಡಿದ್ದೆಲ್ಲ ಬೆರಳುಗಳು ಮರೆತು ಹೊಸದಾಗಿ ಕಲಿಯಬೇಕು. ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಆಗಲಿ" ಎಂದಳು. ಅಷ್ಟೇ.

ಮರುದಿನ ಬೆಳಿಗ್ಗೆ ಹನ್ನೆಕೆ, ಯೂಸ್ಟ್ ಇಬ್ಬರೂ ಒಂದು ದಿಮ್ಮಡಿಯ ಮುಂದೆ ಕೂತರು. ನಾನು ಒಂದು ಏಟು ಬಾರಿಸುವುದು, ಅವರು ಕೇಳಿ ಇಳಿಯುವುದು. ಮತ್ತೊಂದು ಏಟು, ಮತ್ತಷ್ಟು ಇಳಿಯುವುದು. ಯಾರ ಮುಖದಲ್ಲೂ ಬೇಸರವಿಲ್ಲ. ಎಲ್ಸ್ ಮೂಲೆಯಲ್ಲಿ ಉದ್ದದ ಕೊಳಲನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುವುದು, ನುಡಿಸುವುದು, ತಪ್ಪುವುದು, ಬೆರಳು ಕೊಡವುವುದು ನಡೆದೇ ಇತ್ತು. ನಮ್ಮ ಭಜನೆಯಲ್ಲಿ ಯಾರದಾದರೂ ದನಿ ಮೇಲೇರದಿದ್ದರೆ ಮೊಣಕೈಯಿಂದ ತಿವಿದು "ಏರ್ಸೋ!" ಎನ್ನುತ್ತೇವೆ. ಅವನಿಗಾಗಿ ನಾವು ಇಳಿದದ್ದು ನನಗೆ ನೆನಪಿಲ್ಲ. ಶಾಂತಾ ಕೂಡ ಆಕಳಿಸಲಿಲ್ಲ. "ಇವ್ರು ಭಾಳ ದೊಡ್ಡ ಮಂದಿ ಅದಾರ್ರೀ" ಎಂದು ಮೆಲ್ಲಗೆ ಹೇಳಿ ಮೂಗು ಒರೆಸಿಕೊಂಡಳು.

ಭಾನುವಾರದ ಕಛೇರಿ

ಕಛೇರಿ ಅಂದೇ ಮಧ್ಯಾಹ್ನ. ಕೊಡೆ ಮಡಚುತ್ತ, ಕೆಮ್ಮು ಮುಗಿಸಿಕೊಳ್ಳುತ್ತ ಜನ ಬಂದು ಚರ್ಚು ತುಂಬಿದರು. ಕೃತಿ ಶುರುವಾಯಿತು. ಕೆಳಗಿನ ಶ್ರುತಿಯಲ್ಲಿ ಅದು ಬೇರೆಯೇ ಆಗಿತ್ತು, ಕಪ್ಪು ನೆಲದಂತೆ ಮೆತ್ತಗೆ, ಆಳವಾಗಿ. ಹನ್ನೆಕೆಗೂ ಅದು ಹೊಸದಾಗಿ ಕೇಳುತ್ತಿರಬೇಕು, ನುಡಿಸುತ್ತ ನುಡಿಸುತ್ತ ಹುಬ್ಬೇರಿಸುತ್ತಿದ್ದಳು. ನಾನು ಸೆರಗಿನಡಿ ದಿಮ್ಮಡಿ ಹಿಡಿದು ನನ್ನ ಸರದಿಗೆ ಕಾಯುತ್ತಿದ್ದೆ.

ಕಾಲು ಬೆಚ್ಚಗಾಗುತ್ತಿದೆ ಎನಿಸಿತು. ತಾಲೀಮಿನ ದಿನಗಳಲ್ಲಿ ತಣ್ಣಗೆ ಕೊರೆಯುತ್ತಿದ್ದ ನೆಲ ಈಗ ಬಿಸಿ. ಜನ ಬರುತ್ತಾರೆಂದು ಕೀಲಿಕೈ ಮುದುಕಪ್ಪ ನೆಲದಡಿಯ ಕೊಳವೆಗಳಿಗೆ ಬಿಸಿನೀರು ಬಿಟ್ಟಿದ್ದ. ಸೆರಗಿನೊಳಗೇ ಬೆರಳ ತುದಿಯಿಂದ ಚರ್ಮ ಮುಟ್ಟಿದೆ. ಬಿಗಿದಿತ್ತು. ಕಿವಿ ಬಗ್ಗಿಸಿ ಉಗುರಿನಿಂದ ಸೋಕಿಸಿದೆ. ದನಿ ಮೇಲೇರಿ ಕೂತಿತ್ತು.

ಯೂಸ್ಟ್ ನಡುನಡುವೆ ಬಿರಡೆ ತಿರುಪಿ ತನ್ನ ತಂತಿ ಸರಿ ಮಾಡಿಕೊಳ್ಳುತ್ತಿದ್ದ. ನನ್ನ ದಿಮ್ಮಡಿಗೆ ಎಲ್ಲಿಯ ಬಿರಡೆ? ಎಲ್ಸಳ ಕೊಳಲಿನ ಒಂಟಿ ಭಾಗ ನಡೆಯುತ್ತಿತ್ತು, ಅದಾದ ಮೇಲೆ ಗಾಂಬಾದ ಉದ್ದ ಸ್ವರ, ಆಮೇಲೆ ನಾನು. ಚರ್ಮಕ್ಕೆ ಒಂದು ಹನಿ ನೀರು ಬೇಕಿತ್ತು. ನೀರಿನ ಬಾಟಲಿ ಆ ಕಡೆಯ ಕಂಬದ ಬಳಿ. ಎದ್ದು ಹೋದರೆ ಕೊಳಲು ಕೆಡುತ್ತದೆ. ಹತ್ತಿರ ಇದ್ದದ್ದು ನನ್ನ ಬಾಯಿ ಒಂದೇ.

ಎಂಜಲು! ಅವ್ವ ಕೈ ತೊಳೆಯದೆ ದಿಮ್ಮಡಿ ಮುಟ್ಟಗೊಡುವವಳಲ್ಲ. ಅದಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಆಮೇಲೇ ಭಜನೆ. ಸಣ್ಣವಳಿದ್ದಾಗ ಚುರುಮುರಿ ತಿಂದ ಕೈಯಲ್ಲಿ ಮುಟ್ಟಿದ್ದಕ್ಕೆ ನನ್ನ ಬೆರಳು ಬಾತುಕೊಳ್ಳುವಂತೆ ಬಾರಿಸಿದ್ದಳು. ಎಲ್ಸಳ ಕಡೆ ನೋಡಿದೆ. ದೂರದ ರಂಧ್ರಗಳಿಗೆ ಎಟುಕಲು ಬೆರಳುಗಳನ್ನು ಚಾಚಿ ಚಾಚಿ ಅವಳು ನುಡಿಸುತ್ತಿದ್ದಳು, ಹಣೆ ಬೆವರಿತ್ತು. ಇವರೆಲ್ಲ ನನಗಾಗಿ ಕೆಳಗಿಳಿದು ಬಂದಿದ್ದಾರೆ, ನಾನೊಬ್ಬಳು ಮೇಲೆ ಹೇಗೆ ಕೂರಲಿ?

ತಪ್ಪಾಯಿತವ್ವಾ ಎಂದುಕೊಂಡೆ. ಅಂಗೈಯನ್ನು ನಾಲಿಗೆಯಿಂದ ನೆಕ್ಕಿ, ಚರ್ಮದ ಹಿಂಬದಿಗೆ ಸವರಿದೆ. ಹೆದರಿಕೆಗೆ ಬಾಯಿ ಒಣಗಿತ್ತು, ಎರಡನೆಯ ಸಲ ನೆಕ್ಕಬೇಕಾಯಿತು. ಮುಂದಿನ ಸಾಲಿನ ಕೋಟಿನ ಹಿರಿಯರು ಕಣ್ಣು ಪಿಳಿಪಿಳಿ ಬಿಟ್ಟರು. ಕೊಳಲು ನಿಂತಿತು. ಗಾಂಬಾದ ಸ್ವರ ಎದ್ದಿತು, ಉಳಿಯಿತು. ನಾನು ಬಾರಿಸಿದೆ.

ಕೂಡಿತು! ಗಾಂಬಾ ಯಾವುದು, ದಿಮ್ಮಡಿ ಯಾವುದು ತಿಳಿಯದಷ್ಟು ಕೂಡಿತು. ಯೂಸ್ಟ್ ಕಣ್ಣು ಮುಚ್ಚಿಕೊಂಡ. ನಾನು ಅವ್ವನ ನಡೆಯಲ್ಲೇ ಬಾರಿಸುತ್ತ ಹೋದೆ. ನಿಧಾನಕ್ಕೆ ಗಾಂಬಾ ಕರಗಿತು, ದಿಮ್ಮಡಿ ಒಂದೇ ಉಳಿಯಿತು, ಆಮೇಲೆ ಅದೂ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹಿಂದಿನ ಸಾಲಿನಿಂದ "ಭಲೇ ವೈನಿ!" ಎಂದು ಶಾಂತಾಳ ದನಿ ಕೇಳಿತು, ಆಗ ಎಲ್ಲರೂ ಎದ್ದು ನಿಂತರು. ಹನ್ನೆಕೆ ಬಂದು ನನ್ನನ್ನು ಅಪ್ಪಿಕೊಂಡು ಅತ್ತಳು.

ನನಗೆ ಮಾತ್ರ ಜೀವ ಜೀವದಲ್ಲಿರಲಿಲ್ಲ. ಹೊರಗೆ ಬಂದು ಕಾಲುವೆಯ ದಂಡೆಯಲ್ಲಿ ನಿಂತು ಅವ್ವನಿಗೆ ಫೋನು ಹಚ್ಚಿದೆ.

"ಅವ್ವಾ, ಒಂದ್ ತಪ್ಪಾತು."

"ಹರೀತೇನು?"

"ಹರದಿಲ್ಲ. ದಿಮ್ಮಡಿಗಿ ಎಂಜಲ ಹಚ್ಚೀನಿ." ಅಳು ಬಂತು. ಅಳುತ್ತಳುತ್ತಲೇ ಬಿಸಿ ನೆಲ, ಏರಿದ ಚರ್ಮ, ಎಲ್ಲ ಹೇಳಿದೆ.

ಅವ್ವನ ಹಿಂದೆ ಮನೆಯವರ ಗದ್ದಲ ಕೇಳುತ್ತಿತ್ತು. ಬಾಗಿಲು ಹಾಕಿದ ಸಪ್ಪಳವಾಯಿತು, ಗದ್ದಲ ನಿಂತಿತು.

"ದನಿ ಕೂಡ್ತೇನು?" ಎಂದಳು.

"ಕೂಡ್ತವ್ವಾ. ಭಾಳ ಛಲೋ ಕೂಡ್ತು."

"ಮತ್ಯಾಕ ಅಳಾಕತ್ತಿ?" ಅವ್ವನ ದನಿ ಸಣ್ಣದಾಯಿತು. "ಬ್ಯಾಸಗ್ಯಾಗ ಚರ್ಮ ಏರಿ ಕುಂದರತೈತಿ. ಹಾರ್ಮೋನಿಯಂ ಏನ್ ಏರ್ತೈತೇನು? ಸೆರಗ ಮರಿ ಮಾಡಿ ನಾನೂ ನಾಲಿಗಿ ಹಚ್ಚತೀನಿ, ಮದಿವಿಯಾಗಿ ಈ ಮನಿಗಿ ಬಂದಾಗಿಂದ. ಊರಾಗ ಯಾರ ಮುಂದೂ ಹೇಳಬ್ಯಾಡ ಮತ್ತ."